ಗೋಕರ್ಣದಲ್ಲಿ ಯಾವ ಕಡೆ ಉಳಿಯಬೇಕು? ಕೊಡಗಿನಿಂದ ಹೊರಡುವ ಮನೆಯವರಿಗೆ

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ತೋಟದ ಅಂಚಿನಲ್ಲಿ ಎರಡು ರೂಮಿನ ಹೋಂಸ್ಟೇ ಇದೆ. ಬರುವ ಅತಿಥಿಗಳಲ್ಲಿ ಎಷ್ಟೋ ಜನ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಇರ್ಪು ಫಾಲ್ಸ್ ಇಲ್ಲೇ ಪಕ್ಕದಲ್ಲಿ ಅಲ್ವಾ?" ಇರ್ಪು ಇರುವುದು ಕುಟ್ಟದ ಕಡೆ. ನಮ್ಮ ಮನೆಯಿಂದ ಎರಡು ತಾಸಿಗೂ ಜಾಸ್ತಿ ದಾರಿ. ಅವರು ಕೊಡಗು ಅಂದರೆ ಒಂದೇ ಊರು ಅಂದುಕೊಂಡು, ಫೋಟೋ ನೋಡಿ ರೂಮು ಮಾಡಿರುತ್ತಾರೆ. ರಜೆಯ ಅರ್ಧ ಕಾರಿನಲ್ಲೇ ಕಳೆದುಹೋಗುತ್ತದೆ. ಅವರ ಮುಖ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಗೋಕರ್ಣದಲ್ಲಿ ನಾನೂ ಅದೇ ತಪ್ಪು ಮಾಡಿದೆ. ಫೋಟೋದಲ್ಲಿ ರೂಮು ಚೆನ್ನಾಗಿತ್ತು, ಎದುರಿಗೇ ಸಮುದ್ರ ಇತ್ತು. ಫೋನಿನಲ್ಲಿ ಮಾತಾಡಿದವರು "ಕಾರಿನಿಂದ ಎರಡೇ ನಿಮಿಷ ಮೇಡಂ" ಅಂದರು. ನಾವು ತಲುಪಿದಾಗ ಕತ್ತಲಾಗಿತ್ತು. ಕಾರು ಗುಡ್ಡದ ಮೇಲೆ ನಿಂತಿತು, ರೂಮು ಕೆಳಗೆ ಕುಡ್ಲೆ ಬೀಚಿನಲ್ಲಿತ್ತು. ನಡುವೆ ಕಲ್ಲಿನ ಇಳಿಜಾರು, ಮೆಟ್ಟಿಲು. ಮೊಣಕಾಲು ನೋವಿರುವ ಅತ್ತೆಯನ್ನು ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದೆವು. ಅವರು ಗೋಕರ್ಣಕ್ಕೆ ಬಂದಿದ್ದೇ ಮಹಾಬಲೇಶ್ವರನ ದರ್ಶನಕ್ಕೆ. ಮತ್ತೆ ಆ ಮೆಟ್ಟಿಲು ಹತ್ತುವ ಧೈರ್ಯ ಬಂದಿದ್ದು ಮೂರನೇ ದಿನ, ವಾಪಸು ಹೊರಡುವಾಗ. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿ ಗುಡಿಯ ಬಾಗಿಲು ಹಾಕಿತ್ತು.

ಆಮೇಲೆ ಮೂರು ಸಲ ಹೋಗಿ ಬಂದಿದ್ದೇವೆ. ನಮ್ಮ ಕಡೆಯಿಂದ ಹೋಗುವವರಿಗೆ ಈ ತೊಂದರೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರಿನ ಆಕಾರ ತಿಳಿದುಕೊಳ್ಳಿ

ಗೋಕರ್ಣ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿದೆ. ಉತ್ತರಕ್ಕೆ ಗಂಗಾವಳಿ ನದಿ ಸಮುದ್ರ ಸೇರುತ್ತದೆ, ದಕ್ಷಿಣಕ್ಕೆ ತದಡಿಯ ಹತ್ತಿರ ಅಘನಾಶಿನಿ. ಈ ಎರಡು ನದಿಗಳ ನಡುವೆ ಊರು, ಬೀಚುಗಳು ಎಲ್ಲ ಇವೆ.

ದೇವಸ್ಥಾನ, ಪೇಟೆ, ಮುಖ್ಯ ಬೀಚು ಇರುವುದು ಸಮತಟ್ಟು ಜಾಗದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಗುಡ್ಡ ಶುರುವಾಗುತ್ತದೆ. ಗುಡ್ಡದ ಕಾಲುಗಳು ಸಮುದ್ರದೊಳಗೆ ಚಾಚಿವೆ. ಎರಡು ಕಾಲುಗಳ ನಡುವೆ ಒಂದೊಂದು ಬೀಚು ಅವಿತಿದೆ. ಮೊದಲು ಕುಡ್ಲೆ, ಆಮೇಲೆ ಓಂ, ಅದರಾಚೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಮ್ಯಾಪಿನಲ್ಲಿ ಕುಡ್ಲೆಗೂ ಓಂಗೂ ಒಂದು ಬೆರಳಿನ ಅಂತರವೂ ಕಾಣುವುದಿಲ್ಲ. ಆದರೆ ನಡುವೆ ಗುಡ್ಡ ಹತ್ತಿ ಇಳಿಯಬೇಕು. ಮರಳಿನ ಮೇಲೇ ನಡೆದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗಲು ಆಗುವುದಿಲ್ಲ.

ಕೊಡಗಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಎದುರು ಗುಡ್ಡದ ಮನೆ ಕಣ್ಣಿಗೆ ಕಾಣುತ್ತದೆ, ಹೋಗಬೇಕಾದರೆ ಹೊಳೆ ದಾಟಿ ಸುತ್ತಿಕೊಂಡು ಹೋಗಬೇಕು ಅಲ್ವಾ? ಅಲ್ಲೂ ಹಾಗೇ.

ಯಾರ ಕಾಲಿಗೆ ಎಷ್ಟು ಶಕ್ತಿ?

ರೂಮು ಹುಡುಕುವ ಮೊದಲು ಮನೆಯಲ್ಲಿ ಕೂತು ಇದೊಂದನ್ನು ಮಾತಾಡಿ. ಹೋಗುವವರಲ್ಲಿ ಎಲ್ಲರಿಗಿಂತ ಕಡಿಮೆ ನಡೆಯುವವರು ಯಾರು? ಅವರನ್ನು ನೋಡಿಯೇ ಜಾಗ ಗೊತ್ತುಮಾಡಿ. ನಾಲ್ಕು ಜನ ಗಟ್ಟಿಗರು, ಒಬ್ಬರಿಗೆ ಕಾಲುನೋವು ಅಂದರೆ ಆ ಒಬ್ಬರಿಗೆ ಸರಿಹೋಗುವ ಜಾಗವೇ ನಿಮ್ಮ ಜಾಗ. ಗಟ್ಟಿಗರು ಎಲ್ಲಿಂದ ಬೇಕಾದರೂ ಗುಡ್ಡ ಹತ್ತಿ ಬರಬಹುದು.

ಒಂದು ಎಚ್ಚರಿಕೆಯ ಮಾತು. ನಮ್ಮ ಹಿರಿಯರು ಏರು ಇಳಿತಕ್ಕೆ ಹೊಸಬರಲ್ಲ. ತೋಟದ ಕಡಿದಾದ ದಾರಿಯಲ್ಲಿ ದಿನಾ ಓಡಾಡಿದವರು. "ನಮಗೇನು ಕಷ್ಟ, ಹತ್ತುತ್ತೇವೆ" ಅನ್ನುತ್ತಾರೆ. ಆದರೆ ಕರಾವಳಿಯ ಸೆಖೆ ಬೇರೆ ತರಹದ್ದು. ಮಡಿಕೇರಿಯ ತಂಪಿನಲ್ಲಿ ಅರ್ಧ ಗಂಟೆ ಹತ್ತುವವರು ಅಲ್ಲಿ ಹತ್ತು ನಿಮಿಷಕ್ಕೆ ಬೆವರಿ ಕೂತುಬಿಡುತ್ತಾರೆ. ಗುಡ್ಡದ ಮೇಲೆ ನೆರಳೂ ಕಡಿಮೆ. ಬಿಸಿಲಿಗೆ ಕಾದ ಕೆಂಪು ಮುರಕಲ್ಲಿನ ಮೇಲೆ ನಡೆಯಬೇಕು.

ರಥಬೀದಿ ಮತ್ತು ದೇವಸ್ಥಾನದ ಸುತ್ತ

ಹಿರಿಯರು ಜೊತೆಗಿದ್ದರೆ, ದರ್ಶನವೇ ಮುಖ್ಯವಾಗಿದ್ದರೆ ಬೇರೆ ಯೋಚನೆ ಬೇಡ. ಇಲ್ಲೇ ಉಳಿಯಿರಿ. ಎರಡನೇ ಸಲ ನಾವು ಹಾಗೆ ಮಾಡಿದೆವು. ಅತ್ತೆ ಬೆಳಿಗ್ಗೆ ಬೇಗ ಎದ್ದು, ಯಾರ ಕೈಯನ್ನೂ ಹಿಡಿಯದೆ, ತಾವೇ ಗುಡಿಗೆ ನಡೆದು ಹೋದರು. ಸಂಜೆ ಅದೇ ಬೀದಿಯ ತುದಿಗೆ ಹೋಗಿ ಸಮುದ್ರಕ್ಕೆ ಕಾಲಿಟ್ಟು ಬಂದರು. ಆ ದಿನ ಅವರಿಗಾದ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ದರ್ಶನಕ್ಕೂ ಒಂದು ಕ್ರಮ ಇದೆ. ಸಮುದ್ರದಲ್ಲೋ ಕೋಟಿತೀರ್ಥದಲ್ಲೋ ಸ್ನಾನ, ಮೊದಲು ಗಣಪತಿಯ ದರ್ಶನ, ಆಮೇಲೆ ಮಹಾಬಲೇಶ್ವರ. ಭಾಗಮಂಡಲದ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ ತಲಕಾವೇರಿಗೆ ಹತ್ತುವ ನಮಗೆ ಈ ಕ್ರಮ ಹೊಸದೆನಿಸುವುದಿಲ್ಲ. ರಾವಣ ತಂದ ಆತ್ಮಲಿಂಗವನ್ನು ನೆಲಕ್ಕಿಡುವಂತೆ ಮಾಡಿದವನೇ ಗಣಪತಿ. ಅದಕ್ಕೇ ಅವನಿಗೆ ಮೊದಲ ಪೂಜೆ. ಗಂಡಸರು ಶರ್ಟು ತೆಗೆದು ಪಂಚೆ ಉಟ್ಟು ಒಳಗೆ ಹೋಗಬೇಕು. ಮನೆಯಿಂದಲೇ ಪಂಚೆ ತೆಗೆದುಕೊಂಡು ಹೋಗಿ. ರೂಮು ಹತ್ತಿರ ಇದ್ದರೆ ಸ್ನಾನ ಮಾಡಿ ಒದ್ದೆ ಬಟ್ಟೆ ಬದಲಿಸಿ ಬರುವುದು ಸುಲಭ. ಕುಡ್ಲೆಯಿಂದಲೋ ಓಂನಿಂದಲೋ ಬಂದರೆ ಇದೊಂದೇ ಕೆಲಸಕ್ಕೆ ಅರ್ಧ ದಿನ ಬೇಕು.

ಪಿತೃಕಾರ್ಯಕ್ಕೆ ಹೋಗುವವರು ಕೋಟಿತೀರ್ಥದ ಸುತ್ತ ನೋಡಿ. ಕೆರೆಯ ಸುತ್ತ ಹಳೆಯ ಮನೆಗಳಿವೆ. ಪುರೋಹಿತರ ಮನೆಗಳಲ್ಲೇ ಯಾತ್ರಿಕರಿಗೆ ಉಳಿಯಲು ಜಾಗ ಕೊಡುವ ರೂಢಿ ಇದೆ. ಹೋಟೆಲಿನ ಅನುಕೂಲ ಇರುವುದಿಲ್ಲ. ಆದರೆ ಕಾರ್ಯ, ಊಟ, ಉಳಿಯುವುದು ಎಲ್ಲ ಒಂದೇ ಕಡೆ ಆಗುತ್ತದೆ.

ತೊಂದರೆಗಳನ್ನೂ ಹೇಳಬೇಕು. ಬೀದಿ ಕಿರಿದು. ಕಾರನ್ನು ದೂರ ನಿಲ್ಲಿಸಿ ನಡೆಯಬೇಕಾಗಬಹುದು, ಆದರೆ ನೆಲ ಸಮತಟ್ಟು. ರೂಮುಗಳು ಹಳೆಯವು, ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ದೇವಸ್ಥಾನದ ಸುತ್ತ ಸಸ್ಯಾಹಾರವೇ. ನಮ್ಮ ಮನೆಯವರಿಗೆ ಎರಡನೇ ದಿನಕ್ಕೆ ಮೀನು ಬೇಕು ಅನ್ನಿಸಿತು, ಬೀಚಿನ ಕಡೆ ಹೋಗಿ ಉಂಡು ಬಂದರು. ಶಿವರಾತ್ರಿಗೆ ದೊಡ್ಡ ರಥ ಎಳೆಯುತ್ತಾರೆ. ಆ ದಿನಗಳಲ್ಲಿ ಈ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರಥ ನೋಡಲೆಂದೇ ಹೋಗುವವರು ತಿಂಗಳುಗಟ್ಟಲೆ ಮೊದಲೇ ರೂಮು ಹಿಡಿಯಿರಿ. ಮಿಕ್ಕವರು ಆ ವಾರ ಬಿಟ್ಟುಬಿಡಿ.

ಮುಖ್ಯ ಬೀಚು, ಅದರ ಉತ್ತರದ ಭಾಗ

ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಜನ ಇದನ್ನು ಸುಮ್ನೆ ಯಾತ್ರಿಕರ ಬೀಚು ಅಂತ ಬಿಟ್ಟುಬಿಡುತ್ತಾರೆ. ರಥಬೀದಿ ಬಂದು ಸೇರುವ ಜಾಗದಲ್ಲಿ ಗಲಾಟೆ, ಕೊಳೆ ಇರುವುದು ನಿಜ. ಸ್ನಾನ, ಪೂಜೆ ಎಲ್ಲ ಅಲ್ಲೇ ನಡೆಯುತ್ತದೆ. ಆದರೆ ಬೀಚು ಉತ್ತರಕ್ಕೆ ಉದ್ದಕ್ಕೆ ಹೋಗುತ್ತದೆ. ಹದಿನೈದು ನಿಮಿಷ ಆ ಕಡೆ ನಡೆದರೆ ಜನ ಕಡಿಮೆಯಾಗುತ್ತಾರೆ. ಮರಳಿನ ಮೇಲೆ ಎಳೆದಿಟ್ಟ ದೋಣಿಗಳು, ಬಲೆ ಬಿಡಿಸುವ ಮೀನುಗಾರರು, ಹಿಂದೆ ತೆಂಗಿನ ಮರಗಳು. ಕಾರು ಹೆಚ್ಚುಕಡಿಮೆ ರೂಮಿನ ಬಾಗಿಲಿಗೇ ಹೋಗುತ್ತದೆ. ಮೆಟ್ಟಿಲಿನ ಕಾಟ ಇಲ್ಲ. ಮಗುವಿಗೆ ರಾತ್ರಿ ಜ್ವರ ಬಂದರೆ ಪೇಟೆಯ ಮೆಡಿಕಲ್ ಶಾಪಿಗೆ ಆಟೋದಲ್ಲಿ ಬೇಗ ಹೋಗಿ ಬರಬಹುದು. ಇದು ನನಗೆ ದೊಡ್ಡ ವಿಷಯ.

ಇನ್ನೂ ಉತ್ತರಕ್ಕೆ, ಗಂಗಾವಳಿ, ದುಬ್ಬನಶಶಿಯ ಕಡೆಗೂ ಉಳಿಯುವ ಜಾಗಗಳಿವೆ. ಪುಸ್ತಕ ಓದಿಕೊಂಡು ಸುಮ್ಮನೆ ಇರಬೇಕು ಅನ್ನುವವರಿಗೆ ಚೆನ್ನಾಗಿದೆ. ಸ್ವಂತ ವಾಹನ ಇರಲೇಬೇಕು. ರಾತ್ರಿ ಹೊತ್ತು ಅಂಗಡಿ, ಆಟೋ ನಂಬಿಕೊಳ್ಳಬೇಡಿ.

ಕುಡ್ಲೆ

ಮೊದಲ ಸಲ ನಾವು ಕಷ್ಟಪಟ್ಟಿದ್ದು ಇಲ್ಲೇ ಆದರೂ, ನನಗೆ ಎಲ್ಲಕ್ಕಿಂತ ಇಷ್ಟವಾದ ಬೀಚು ಇದು. ಎರಡು ಕಡೆ ಗುಡ್ಡ, ನಡುವೆ ಬಾಗಿದ ಮರಳು, ನೇರ ಪಶ್ಚಿಮಕ್ಕೆ ಮುಖ. ಸೂರ್ಯ ಮುಳುಗುವ ಹೊತ್ತಿಗೆ ಮರಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ರೂಮು, ಹೋಟೆಲು ಎಲ್ಲ ಮರಳಿನ ಅಂಚಿಗೇ ಇವೆ. ಮಲಗಿದಲ್ಲಿಗೇ ಅಲೆಯ ಸದ್ದು ಕೇಳುತ್ತದೆ. ಕಾಲೇಜು ಮಕ್ಕಳು, ಹೊಸದಾಗಿ ಮದುವೆಯಾದವರು, ಗಟ್ಟಿ ಕಾಲಿನ ಮನೆಯವರು ಇಲ್ಲೇ ಉಳಿಯಲಿ.

ಪೇಟೆಯಿಂದ ರಾಮತೀರ್ಥದ ಬದಿಯ ಗುಡ್ಡ ಹತ್ತಿ ನಡೆದರೆ ಅರ್ಧ ಗಂಟೆಯೊಳಗೆ ಕುಡ್ಲೆ ಸಿಗುತ್ತದೆ. ಹಗಲು ಒಳ್ಳೆಯ ನಡಿಗೆ. ಕತ್ತಲಾದ ಮೇಲೆ ಆ ಗುಡ್ಡದ ದಾರಿಯಲ್ಲಿ ಒಬ್ಬರೇ ಹೋಗಬೇಡಿ, ಟಾರ್ಚ್ ಇಲ್ಲದೆಯಂತೂ ಬೇಡವೇ ಬೇಡ. ಆಟೋದಲ್ಲಿ ಬಂದರೆ ಗುಡ್ಡದ ಮೇಲೆ ಇಳಿದು ಕೆಳಗೆ ನಡೆಯಬೇಕು. ಸಾಮಾನು ಚಕ್ರದ ಸೂಟ್‌ಕೇಸಿನಲ್ಲಿ ಬೇಡ, ಬೆನ್ನಿಗೆ ಹಾಕುವ ಚೀಲದಲ್ಲಿರಲಿ. ಕಲ್ಲಿನ ಮೇಲೆ, ಮರಳಿನಲ್ಲಿ ಚಕ್ರ ಓಡುವುದಿಲ್ಲ.

ಕುಡ್ಲೆಯಲ್ಲೂ ಯಾವ ತುದಿ ಅಂತ ಕೇಳಿ. ಇಳಿಯುವ ದಾರಿಯ ಹತ್ತಿರ ಇದ್ದರೆ ಮರಳಿನಲ್ಲಿ ನಡೆಯುವುದು ಕಡಿಮೆ, ಓಡಾಟದ ಗದ್ದಲ ಜಾಸ್ತಿ. ದೂರದ ತುದಿಯಲ್ಲಿ ನೆಮ್ಮದಿ ಇದೆ. ಆದರೆ ಸಾಮಾನು ಹೊತ್ತುಕೊಂಡು ಒದ್ದೆ ಮರಳಿನಲ್ಲಿ ಬೀಚಿನ ಉದ್ದಕ್ಕೂ ನಡೆಯಬೇಕು.

ಓಂ, ಹಾಫ್ ಮೂನ್, ಪ್ಯಾರಡೈಸ್

ಓಂ ಬೀಚನ್ನು ಮೇಲಿನಿಂದ ನೋಡಿದರೆ ಓಂ ಅಕ್ಷರದ ಬಾಗು ಕಾಣುತ್ತದೆ. ಎರಡು ಕಮಾನು, ನಡುವೆ ಬಂಡೆ. ಪೇಟೆಯಿಂದ ರಸ್ತೆಯಲ್ಲಿ ಆರೇಳು ಕಿ.ಮೀ. ರಸ್ತೆ ಮುಗಿಯುವ ಜಾಗದಲ್ಲಿ ಗಾಡಿ ನಿಲ್ಲಿಸಿ ಮೆಟ್ಟಿಲಿಳಿಯಬೇಕು. ಹಗಲಿಗೆ ಟೆಂಪೋ, ಬಸ್ಸುಗಳಲ್ಲಿ ಜನ ಬಂದು ತುಂಬುತ್ತಾರೆ. ಇಲ್ಲಿ ಉಳಿದವರಿಗೆ ಸಿಗುವ ನಿಜವಾದ ಲಾಭ ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನ ಹೊತ್ತು. ಬೀಚು ಪೂರ್ತಿ ನಿಮ್ಮದೇ. ಬೇಗ ಏಳುವ ಅಭ್ಯಾಸ ಇಲ್ಲದವರು ಇಲ್ಲಿ ಉಳಿದು ಪ್ರಯೋಜನ ಕಡಿಮೆ. ಒಂದು ಸಂಜೆ ಬಂದು ನೋಡಿಹೋದರೆ ಸಾಕು. ಗುಡ್ಡದ ಮೇಲೆ ಒಳ್ಳೆಯ ರೆಸಾರ್ಟುಗಳಿವೆ, ಬಾಡಿಗೆಯೂ ಅದಕ್ಕೆ ತಕ್ಕಂತೆ ಇದೆ. ಅಲ್ಲಿ ರೂಮು ಮಾಡಿದರೆ ಬೀಚಿಗೆ ಇಳಿಯಲು ಅವರ ಗಾಡಿ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಹಾಫ್ ಮೂನ್, ಪ್ಯಾರಡೈಸ್ ಎರಡಕ್ಕೂ ಓಂನಿಂದ ಗುಡ್ಡದ ಕಾಲುದಾರಿಯಲ್ಲಿ ಹೋಗಬೇಕು. ಹಾಫ್ ಮೂನ್‌ಗೆ ಇಪ್ಪತ್ತು ನಿಮಿಷ, ಪ್ಯಾರಡೈಸ್‌ಗೆ ಅಲ್ಲಿಂದ ಇನ್ನೂ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ. ಸೀಸನ್‌ನಲ್ಲಿ ದೋಣಿಯೂ ಸಿಗುತ್ತದೆ. ತಡಿಯಂಡಮೋಳ್ ಹತ್ತುವ ಹುಡುಗರಿಗೆ ಈ ನಡಿಗೆ ಏನೂ ಅಲ್ಲ. ಆದರೆ ಅಲ್ಲೇ ರಾತ್ರಿ ಉಳಿಯುವ ಯೋಚನೆ ಮನೆಮಂದಿ ಜೊತೆ ಹೋದವರಿಗೆ ಬೇಡ. ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ವಾಪಸು ಬಂದುಬಿಡಿ.

ಬಂಕಿಕೊಡ್ಲ, ಸಾಣಿಕಟ್ಟಾ ಕಡೆಯ ಒಳ ಊರುಗಳಲ್ಲೂ ಮನೆಯೂಟದ ಜಾಗಗಳು ಸಿಗುತ್ತವೆ. ಗದ್ದೆ, ತೋಟ, ಉಪ್ಪಿನ ಗದ್ದೆಗಳ ನಡುವಿನ ಊರುಗಳು. ಬೆಂಗಳೂರಿನವರಿಗೆ ತುಂಬಾ ಇಷ್ಟವಾಗಬಹುದು. ನಾವು ಒಂದು ತೋಟ ಬಿಟ್ಟು ಸಮುದ್ರ ನೋಡಲು ಹೊರಟವರು. ಸಮುದ್ರದ ಹತ್ತಿರವೇ ಇರುವುದು ಮೇಲು ಅಂತ ನನ್ನ ಅಭಿಪ್ರಾಯ.

ನಮ್ಮ ಕೆಲಸ, ಅವರ ಸೀಸನ್

ಗೋಕರ್ಣದಲ್ಲಿ ಹವೆ ಚೆನ್ನಾಗಿರುವುದು ನವೆಂಬರ್‌ನಿಂದ ಫೆಬ್ರವರಿ. ನಮ್ಮಲ್ಲಿ ಅದೇ ಹೊತ್ತಿಗೆ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ, ಅದರ ಹಿಂದೆಯೇ ಮೆಣಸು. ಕಣದಲ್ಲಿ ಕಾಫಿ ಹರಡಿಟ್ಟು ಯಾರು ತಾನೇ ಸಮುದ್ರ ನೋಡಲು ಹೋಗುತ್ತಾರೆ? ಕಾಫಿ ಹೂ ಅರಳಲು ಬೇಕಾದ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಚಿಂತೆ ಬೇರೆ. ಹಾಗಾಗಿ ತೋಟದ ಮನೆಯವರಿಗೆ ಸಿಗುವುದು ಎರಡೇ ಸಂದು: ಅಕ್ಟೋಬರ್‌ನ ದಸರಾ ರಜೆ, ಇಲ್ಲವೇ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ.

ಅಕ್ಟೋಬರ್ ಆದರೆ ಗುಡ್ಡಗಳು ಹಸಿರಾಗಿರುತ್ತವೆ. ಕುಡ್ಲೆ, ಓಂನಲ್ಲಿ ಮಳೆಗಾಲಕ್ಕೆ ಬಿಚ್ಚಿದ ಗುಡಿಸಲು ಹೋಟೆಲುಗಳನ್ನು ಆಗಷ್ಟೇ ಮತ್ತೆ ಕಟ್ಟುತ್ತಿರುತ್ತಾರೆ. ರೂಮು ಮಾಡುವಾಗ "ಅಡುಗೆಮನೆ ಶುರುವಾಗಿದೆಯಾ?" ಅಂತ ಕೇಳಿ. ಇಲ್ಲ ಅಂದರೆ ಪೇಟೆಯ ಹತ್ತಿರವೇ ಉಳಿಯಿರಿ. ಮೇ ತಿಂಗಳಲ್ಲಿ ಸೆಖೆ ತಡೆಯುವುದಿಲ್ಲ. ನಮ್ಮವರಿಗೆ ಎಸಿ ಬೇಕೇ ಬೇಕು. ಬೀಚಿನ ಗುಡಿಸಲಿನಲ್ಲಿ ಅದು ಸಿಗುವುದು ಕಷ್ಟ, ಪೇಟೆಯಲ್ಲೋ ಗುಡ್ಡದ ರೆಸಾರ್ಟಿನಲ್ಲೋ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಸಮುದ್ರಕ್ಕೆ ಇಳಿಯುವಂತಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೂ ಬಂದ್ ಇರುತ್ತದೆ, ತಾಜಾ ಮೀನಿಗೂ ಪರದಾಟ. ಮಳೆ ನೋಡಲು ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಡಿಸೆಂಬರ್ ಕೊನೆಯ ವಾರ, ಉದ್ದ ವೀಕೆಂಡ್‌ಗಳಲ್ಲಿ ಬಾಡಿಗೆ ಏರುತ್ತದೆ. ಸೋಮವಾರದಿಂದ ಗುರುವಾರದ ಒಳಗೆ ಹೋದರೆ ಅದೇ ರೂಮು ಕಡಿಮೆಗೆ ಸಿಗುತ್ತದೆ.

ಫೋನಿನಲ್ಲಿ ಏನು ಕೇಳಬೇಕು

"ಬೀಚಿಗೆ ಎಷ್ಟು ದೂರ?" ಅಂತ ಕೇಳಬೇಡಿ. ಎಲ್ಲರೂ ಎರಡು ನಿಮಿಷ ಅಂತಲೇ ಹೇಳುತ್ತಾರೆ. "ಕಾರು ನಿಲ್ಲುವ ಜಾಗದಿಂದ ರೂಮಿನ ಬಾಗಿಲಿಗೆ ಎಷ್ಟು ಮೆಟ್ಟಿಲು?" ಅಂತ ಕೇಳಿ. ಆಮೇಲೆ ಆ ದಾರಿಯನ್ನು ನಡೆದುಕೊಂಡು ಒಂದು ವಿಡಿಯೋ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಿ. ಒಳ್ಳೆಯವರು ಖಂಡಿತ ಕಳಿಸುತ್ತಾರೆ. ನಮ್ಮ ಹೋಂಸ್ಟೇಗೆ ವಯಸ್ಸಾದವರು ಬರುತ್ತಾರೆ ಅಂದರೆ ನಾನೂ ಈಗ ಹಾಗೇ ಕಳಿಸುತ್ತೇನೆ, ನಮ್ಮಲ್ಲಿ ಹದಿನಾಲ್ಕು ಮೆಟ್ಟಿಲಿವೆ.

ಕರೆಂಟ್ ಹೋದರೆ ಫ್ಯಾನ್ ಓಡುತ್ತದಾ ಅಂತ ಕೇಳಿ. ಬರೀ ದೀಪಕ್ಕೆ ಇನ್ವರ್ಟರ್ ಇದ್ದರೆ ಸೆಖೆಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ಹಿರಿಯರಿದ್ದರೆ ಕಮೋಡ್ ಇದೆಯಾ, ನೆಲಮಹಡಿಯ ರೂಮು ಸಿಗುತ್ತದಾ ಅಂತ ತಿಳಿದುಕೊಳ್ಳಿ. ಪಕ್ಕದಲ್ಲಿ ರಾತ್ರಿ ಹಾಡು ಹಾಕುವ ಜಾಗ ಇದ್ದರೆ ಮಕ್ಕಳು ಮಲಗುವುದಿಲ್ಲ, ಅದನ್ನೂ ಕೇಳಿ. ಸಮುದ್ರದಂಚಿನ ಬಾವಿಗಳಲ್ಲಿ ನೀರು ಕೆಲವೊಮ್ಮೆ ಉಪ್ಪಾಗಿರುತ್ತದೆ. ಕುಡಿಯುವ ನೀರಿಗೆ ಏನು ಮಾಡುತ್ತಾರೆ ಅನ್ನುವುದೂ ಗೊತ್ತಿರಲಿ.

ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಮೊದಲ ರಾತ್ರಿಯದ್ದು ಮಾತ್ರ ಕೊಟ್ಟು, ಹೋಗಿ ನೋಡಿ ಮುಂದುವರಿಸುವುದು ಒಳ್ಳೆಯದು. ಮೂರು ರಾತ್ರಿ ಇದ್ದರೆ ಒಂದು ರಾತ್ರಿ ರಥಬೀದಿಯ ಹತ್ತಿರ, ಎರಡು ರಾತ್ರಿ ಬೀಚಿನಲ್ಲಿ ಅಂತ ಹಂಚಿಕೊಳ್ಳಿ. ಮೂರನೇ ಸಲ ನಾವು ಹಾಗೆ ಮಾಡಿದೆವು. ಅತ್ತೆ ದರ್ಶನ ಮುಗಿಸಿ ಪೇಟೆಯ ರೂಮಿನಲ್ಲೇ ನಾದಿನಿಯ ಜೊತೆ ಉಳಿದರು, ನಾವು ಮಕ್ಕಳನ್ನು ಕರೆದುಕೊಂಡು ಕುಡ್ಲೆಗೆ ಇಳಿದೆವು. ಯಾರಿಗೂ ಬೇಜಾರಾಗಲಿಲ್ಲ.

ನೀರಿನ ವಿಷಯ

ಇದನ್ನು ಓದದೆ ಬಿಡಬೇಡಿ. ನಮ್ಮ ಮಕ್ಕಳು ತೋಟದ ಕೆರೆಯಲ್ಲಿ, ಹೊಳೆಯಲ್ಲಿ ಈಜು ಕಲಿತವರು. ನೀರಿನ ಭಯ ಇಲ್ಲ. ಸಮುದ್ರದಲ್ಲಿ ಆ ಧೈರ್ಯವೇ ಅಪಾಯ. ಮೊಣಕಾಲುದ್ದ ನೀರಿನಲ್ಲೂ ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಕರ್ಣದ ಬೀಚುಗಳಲ್ಲಿ ಪ್ರವಾಸಿಗರು ಮುಳುಗಿ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಓಂ ಬೀಚಿನ ಬಂಡೆಗಳ ಮೇಲೆ ಫೋಟೋಗೆ ನಿಲ್ಲಲೇಬೇಡಿ. ಪಾಚಿಯಲ್ಲಿ ಕಾಲು ಜಾರುತ್ತದೆ, ಅಲೆ ಬಂದು ಬಡಿಯುತ್ತದೆ. ಲೈಫ್‌ಗಾರ್ಡ್ ಇರುವ ಕಡೆಯೇ ನೀರಿಗಿಳಿಯಿರಿ, ಸಿಳ್ಳೆ ಹೊಡೆದರೆ ಕೂಡಲೇ ಮೇಲೆ ಬನ್ನಿ. ಮಕ್ಕಳಿರುವವರು ಮುಖ್ಯ ಬೀಚಿನ ಹತ್ತಿರ ಉಳಿಯಿರಿ ಅಂತ ನಾನು ಹೇಳಲು ಇದೂ ಒಂದು ಕಾರಣ. ಅಲ್ಲಿ ಸುತ್ತ ಜನ ಇರುತ್ತಾರೆ, ಏನಾದರೂ ಆದರೆ ಗಾಡಿ ಹತ್ತಿರ ಬರುತ್ತದೆ.

ಹೋಗುವ ದಾರಿ

ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ಮೇಲೆ ಮಂಗಳೂರು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ. ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ. ಒಟ್ಟು ಸುಮಾರು 370 ಕಿ.ಮೀ. ಊಟ, ತಿಂಡಿ ಸೇರಿ ಒಂಬತ್ತು ತಾಸು ಇಟ್ಟುಕೊಳ್ಳಿ. ಬೆಳಿಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ಎರಡರ ಹೊತ್ತಿಗೆ ತಲುಪಬಹುದು. ಕುಡ್ಲೆಯಲ್ಲಿ ರೂಮು ಮಾಡಿದ್ದರೆ ಬೆಳಕಿರುವಾಗಲೇ ತಲುಪಲೇಬೇಕು. ಮಳೆ ಇನ್ನೂ ಇದ್ದರೆ ಹೊರಡುವ ಹಿಂದಿನ ದಿನ ಸಂಪಾಜೆ ಘಾಟಿಯ ಸ್ಥಿತಿ ವಿಚಾರಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ.

ಕಾರು ಬೇಡ ಅನ್ನುವವರು ಮಂಗಳೂರುವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಡಗಾಂವ್ ಕಡೆಯ ಪ್ಯಾಸೆಂಜರ್ ರೈಲು ಹಿಡಿಯಬಹುದು. ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿದೆ. ಎಲ್ಲ ಎಕ್ಸ್‌ಪ್ರೆಸ್ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಟಿಕೆಟ್ ಮಾಡಿ. ಸ್ಟೇಷನ್‌ನಿಂದ ಆಟೋ ಹಿಡಿಯುವಾಗ ಬರೀ "ಗೋಕರ್ಣ" ಅನ್ನಬೇಡಿ. ರಥಬೀದಿಯೋ, ಕುಡ್ಲೆಯೋ, ಓಂ ಬೀಚೋ ಅಂತ ಸರಿಯಾಗಿ ಹೇಳಿ ಬಾಡಿಗೆ ಮಾತಾಡಿ.

ವಾಪಸು ಬರುವ ದಿನ ಬೆಳಿಗ್ಗೆ ಬೇಗ ಹೊರಡಿ. ದಾರಿಯಲ್ಲಿ ಸಾಣಿಕಟ್ಟಾ ಉಪ್ಪು ಸಿಗುತ್ತದೆ, ಕಂದು ಬಣ್ಣದ ಹರಳುಪ್ಪು. ಉಪ್ಪಿನಕಾಯಿಗೆ ಚೆನ್ನಾಗಿರುತ್ತದೆ. ನಾವು ಪ್ರತಿ ಸಲ ಐದು ಕೆ.ಜಿ. ತರುತ್ತೇವೆ, ಅದರಲ್ಲಿ ಎರಡು ಕೆ.ಜಿ. ಅತ್ತೆ ನೆರೆಮನೆಯವರಿಗೆ ಹಂಚುತ್ತಾರೆ.